ನಿಂಗರಾಜ ಕಲಿಸಿದ ಕ್ಷೌರ

ಸುನೀಲನಿಗೆ ಕ್ಷೌರದ ಕತ್ತಿ ಹಿಡಿಯಲು ಕಲಿಸಿದವನು ನಿಂಗರಾಜ. ಆಗ ಇಬ್ಬರೂ ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತಗಡು ಹೊದಿಸಿದ ಖೋಲಿಯೊಂದನ್ನು ಬಾಡಿಗೆ ಹಿಡಿದಿದ್ದರು. ಸುನೀಲ ಡಿಗ್ರಿ ಓದುತ್ತಿದ್ದ, ನಿಂಗರಾಜ ಪೇಟೆಯ ಸಲೂನೊಂದರಲ್ಲಿ ಕೆಲಸಕ್ಕಿದ್ದ. ಇಬ್ಬರದೂ ಒಂದೇ ಊರು, ಸಿಂಧನೂರಿನ ಕಡೆ ಕಾಲುವೆ ದಂಡೆಯ ಮೇಲಿನದು. ಊರಿನ ಹೆಸರು ಬೇಡ.

ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರಾದರೂ ಊರಲ್ಲಿ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಸುನೀಲನ ಮನೆ ಕೇರಿಯಲ್ಲಿತ್ತು. ಅವನ ಅಪ್ಪ ಲಾಲಪ್ಪ ಹರೆಯದಲ್ಲೇ ಬೌದ್ಧನಾಗಿ ಮನೆಯ ಗೋಡೆಗೆ ಬುದ್ಧನ ಫೋಟೊ ಹಾಕಿದ್ದ. ಆದರೆ ಊರಿನವರಿಗೆ ಕೇರಿಯವರು ಕೇರಿಯವರೇ. ನಿಂಗರಾಜನ ಅಪ್ಪ ಊರಿಗೆಲ್ಲ ಕ್ಷೌರ ಮಾಡುತ್ತಿದ್ದ, ಕೇರಿಯವರನ್ನು ಬಿಟ್ಟು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಕೇರಿಯ ಗಂಡಸರು ಕಟಿಂಗಿಗೆ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿಬರುತ್ತಿದ್ದರು. ದಾಡಿಯನ್ನು ಮನೆಯ ಮುಂದೆ ಒಡಕು ಕನ್ನಡಿ ಇಟ್ಟುಕೊಂಡು ತಾವೇ ಕೆರೆದುಕೊಳ್ಳುತ್ತಿದ್ದರು.

ಲಿಂಗಸುಗೂರಿನಲ್ಲಿ ಯಾರು ಯಾರ ಮಗ ಎಂದು ಕೇಳುವವರಿರಲಿಲ್ಲ. ಇಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿದರು, ಒಂದೇ ಕೌದಿ ಹೊದ್ದರು. ಜ್ವರ ಬಂದಾಗ ಒಬ್ಬ ಇನ್ನೊಬ್ಬನ ಹಣೆಗೆ ಒದ್ದೆ ಬಟ್ಟೆ ಹಾಕಿದ. ಊರಿನಲ್ಲಿ ಆಗದೇ ಹೋದ ಸ್ನೇಹ ಆ ಖೋಲಿಯಲ್ಲಿ ಬಡ್ಡಿ ಸಮೇತ ಆಯಿತು.

ಆ ವರ್ಷವೇ ಲಾಲಪ್ಪನಿಗೆ ಲಕ್ವಾ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಬಲಗೈ ಎದೆಯಿಂದ ಮೇಲೆ ಏಳದಾಯಿತು. ಸುನೀಲನ ಅವ್ವ ಅಮರಮ್ಮ ಒಮ್ಮೆ ಗಂಡನ ದಾಡಿ ಮಾಡಲು ಹೋಗಿ ಗದ್ದವನ್ನೆಲ್ಲ ಗಾಯ ಮಾಡಿ ಅತ್ತಳು. ರಜೆಗೆ ಹೋಗಿದ್ದ ಸುನೀಲ ಅದನ್ನು ನೋಡಿ ಬಂದು ಹೇಳಿದಾಗ ನಿಂಗರಾಜ ಎದ್ದು ಹೋಗಿ ಟ್ರಂಕು ತೆರೆದ. ತಳದಿಂದ ತನ್ನ ಅಜ್ಜನ ಕತ್ತಿಯನ್ನು ತೆಗೆದ. ಮಡಚಿದರೆ ಹಿಡಿಕೆಯೊಳಗೆ ಅಡಗುವ, ಬ್ಲೇಡು ಬದಲಿಸದ, ಹಳೆಯ ಉಕ್ಕಿನ ಕತ್ತಿ.

"ನೀ ಕಲಿ ಲೇ. ನಾ ಕಲಸ್ತೀನಿ. ಈ ಕತ್ತಿ ಬಂದ್ರ ಯಾವ ಬ್ಲೇಡ್ ಬೇಕಾದ್ರೂ ಬರ್ತೈತಿ."

ಕಲಿಕೆ ಕತ್ತಿಯಿಂದ ಶುರುವಾಗಲಿಲ್ಲ. ಮೊದಲು ಚರ್ಮದ ಪಟ್ಟಿ. ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಕತ್ತಿಯನ್ನು ಮಲಗಿಸಿ ಎಳೆಯಬೇಕು. "ಬೆನ್ನು ಮುಂದ, ಬಾಯಿ ಹಿಂದ. ತಿರುಗ್ಸೂವಾಗ ಬೆನ್ನಿನ ಮ್ಯಾಲ ತಿರುಗ್ಸು. ಬಾಯಿ ಮ್ಯಾಲ ತಿರುಗ್ಸಿದಿ ಅಂದ್ರ ಪಟ್ಟಿನೂ ಹೋತು, ಕತ್ತಿನೂ ಹೋತು." ಸುನೀಲ ಪರೀಕ್ಷೆಯ ಓದು ಬಿಟ್ಟು ಪಟ್ಟಿ ಎಳೆದ. ಕೈ ಸೋತು ಕತ್ತಿ ಚರ್ಮಕ್ಕೆ ಕಚ್ಚಿದಾಗ ನಿಂಗರಾಜ ತಲೆಗೆ ಮೊಟಕುತ್ತಿದ್ದ.

ಆಮೇಲೆ ಹಿಡಿತ. ಹೆಬ್ಬೆರಳು ಕೆಳಗೆ, ಮೂರು ಬೆರಳು ಮೇಲೆ, ಕಿರುಬೆರಳು ಹಿಂದಿನ ಬಾಲಕ್ಕೆ. ಮುಷ್ಟಿ ಕಟ್ಟಿ ಹಿಡಿಯುವಂತಿಲ್ಲ. ಕತ್ತಿಯನ್ನು ತೀರಾ ಮಲಗಿಸಿದರೆ ಕೂದಲು ಕಿತ್ತು ಉರಿಯುತ್ತದೆ, ತೀರಾ ನಿಲ್ಲಿಸಿದರೆ ಚರ್ಮವೇ ಹೋಗುತ್ತದೆ. ನಡುವೆ ಒಂದು ಓರೆ ಇದೆ, ಅದು ಕಣ್ಣಿಗಿಂತ ಕಿವಿಗೆ ಗೊತ್ತಾಗುತ್ತದೆ ಎಂದು ನಿಂಗರಾಜ ಹೇಳುತ್ತಿದ್ದ. "ಕಿವಿಗೊಟ್ಟು ಕೇಳು. ಛಲೋ ಹೊಂಟಿದ್ರ ಸಣ್ಣಗ ಸರ್ ಸರ್ ಅಂತೈತಿ. ಸಪ್ಪಳ ಬರಲಿಲ್ಲಂದ್ರ ಅಲ್ಲೇ ನಿಂದ್ರು."

ಆಮೇಲೆ ಬಲೂನು. ಅದಕ್ಕೆ ಸೋಪಿನ ನೊರೆ ಬಳಿದು, ಒಡೆಯದಂತೆ ನೊರೆ ತೆಗೆಯಬೇಕು. ಸುನೀಲ ಬಲೂನಿನ ಮೇಲೆ ಬಲೂನು ಒಡೆದ. ಮಗ್ಗುಲ ಖೋಲಿಯವರು ಗೋಡೆ ಗುದ್ದಿ ಬೈದರು. ಕೊನೆಗೊಂದು ದಿನ ಕೆಂಪು ಬಲೂನೊಂದು ನೊರೆಯೆಲ್ಲ ಕಳೆದುಕೊಂಡು ದುಂಡಗೆ ಉಳಿಯಿತು. ಇಬ್ಬರೂ ಅದನ್ನು ನಡುವೆ ಇಟ್ಟುಕೊಂಡು ಮಿರ್ಚಿ ತಿಂದರು.

ಮರುದಿನ ನಿಂಗರಾಜ ಬಿಸಿನೀರಿನ ಟವೆಲ್ಲನ್ನು ತನ್ನ ಮುಖಕ್ಕೇ ಹಾಕಿಕೊಂಡು, ನೊರೆ ಹಚ್ಚಿಕೊಂಡು, ಗೋಡೆಗೆ ತಲೆ ಒರಗಿಸಿದ.

"ಬಾ ಲೇ. ಪುಗ್ಗಾ ಸಾಕು, ಇನ್ನ ನನ್ನ ಮುಖ."

"ಬ್ಯಾಡ ದೋಸ್ತ. ಕೈ ನಡಗಾಕತ್ತಾವು."

"ನಡಗ್ಲಿ. ಎಡಗೈಲೆ ಚರ್ಮ ಬಿಗಿ ಮಾಡಿ ಹಿಡಿ, ಬಲಗೈ ತಾನ ನಿಂದ್ರತೈತಿ. ಕೂದಲ ಯಾ ಕಡೆ ಮಲಗ್ಯಾವೋ ಆ ಕಡೇನ ಹೋಗು. ಸಣ್ಣ ಸಣ್ಣ ಎಳಿ. ಅಡ್ಡ ಮಾತ್ರ ಎಳೀಬ್ಯಾಡ, ಅಡ್ಡ ಎಳದ್ರ ಅದು ಹಜಾಮತಿ ಅಲ್ಲ, ಕೊಲಿ."

ಕೆನ್ನೆ ಹೇಗೋ ಆಯಿತು. ಗದ್ದದ ತಿರುವಿನಲ್ಲಿ ಒಂದು ಕಡೆ ರಕ್ತ ಬಂತು, ನಿಂಗರಾಜ ಪಟಿಕದ ಹರಳು ಒತ್ತಿಕೊಂಡು ನಕ್ಕ. ಕುತ್ತಿಗೆಗೆ ಬಂದಾಗ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಸುನೀಲ ಕತ್ತಿಯನ್ನು ಗಾಳಿಯಲ್ಲೇ ಹಿಡಿದು ನಿಂತ. ನಿಂಗರಾಜ ಕಣ್ಣು ಮುಚ್ಚಿಕೊಂಡೇ, "ಮಾಡು," ಎಂದ. ಕುತ್ತಿಗೆಯನ್ನು ಹಾಗೆ ಎತ್ತಿ ಕೊಟ್ಟವನನ್ನು ಸುನೀಲ ಅವತ್ತಿನಿಂದ ಒಡಹುಟ್ಟಿದವನೆಂದೇ ತಿಳಿದ.

"ನಾ ಊರಾಗ ಅಂಗಡಿ ಇಟ್ಟೆ ಅಂದ್ರ," ಎಂದಿದ್ದ ನಿಂಗರಾಜ ಆ ಸಂಜೆ, "ನಿಮ್ಮಪ್ಪನ್ನ ಕುರ್ಚಿ ಮ್ಯಾಲ ಕುಂದ್ರಿಸಿ, ಕನ್ನಡಿ ಮುಂದ, ಎಲ್ಲಾರು ನೋಡೂವಂಗ ಮಾಡ್ತೀನಿ ನೋಡು."

ಸುನೀಲ ತನ್ನದೇ ಒಂದು ಕತ್ತಿ ಕೊಂಡ. ಊರಿಗೆ ಹೋದಾಗಲೆಲ್ಲ ಅಪ್ಪನ ದಾಡಿ ಅವನೇ ಮಾಡಿದ. ಅದನ್ನು ನೋಡಿ ಕೇರಿಯ ಇತರ ಮುದುಕರೂ ಬಂದು ಕಟ್ಟೆಯ ಮೇಲೆ ಕೂತರು. ಅವರ ಮುಖಕ್ಕೆ ನೊರೆ ಹಚ್ಚುವಾಗ ಅವನಿಗೆ ಒಂಥರ ಹೆಮ್ಮೆ. ಲಾಲಪ್ಪ ಮಾತ್ರ ಒಮ್ಮೆ ಗದ್ದ ಸವರಿಕೊಳ್ಳುತ್ತ ಹೇಳಿದ್ದ: "ಛಲೋ ಮಾಡೀಯಪ. ಆದ್ರ ಈ ಊರಾಗ ಒಮ್ಮೆ ಕನ್ನಡಿ ಮುಂದ ಕುರ್ಚಿ ಮ್ಯಾಲ ಕುಂತು ಮಾಡಿಸ್ಕೋಬೇಕಂತ ಭಾಳ ಆಸೆ ಐತಿ. ಹುಟ್ಟಿದ ಊರು ಅಲ್ಲೇನು ಇದು?"

"ನಿಂಗರಾಜ ಅಂಗಡಿ ಇಡ್ಲಿ ತಡಿ," ಎಂದಿದ್ದ ಸುನೀಲ.

ಮುಂದೆ ಸುನೀಲನಿಗೆ ಮಸ್ಕಿಯಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತಿಕೆ ಸಿಕ್ಕಿತು, ಸುರೇಖಾಳ ಜೊತೆ ಮದುವೆಯಾಯಿತು, ಹೆಣ್ಣು ಮಗು ಹುಟ್ಟಿತು. ನಿಂಗರಾಜನ ಅಪ್ಪ ತೀರಿಕೊಂಡ ಮೇಲೆ ನಿಂಗರಾಜ ಲಿಂಗಸುಗೂರು ಬಿಟ್ಟು ಊರಿಗೆ ಬಂದು, ಬಸ್ ನಿಲ್ಲುವ ಕಡೆ ಅಂಗಡಿ ಇಡುವುದು ಎಂದಾಯಿತು. ಸುನೀಲ ರಜೆ ಹಾಕಿ ಓಡಾಡಿದ. ದೊಡ್ಡ ಕನ್ನಡಿಗಳನ್ನು ಸಿಂಧನೂರಿನಿಂದ ಟಂಟಂ ಗಾಡಿಯಲ್ಲಿ, ಒಡೆಯದಂತೆ ತನ್ನ ತೊಡೆಗೆ ಆನಿಸಿಕೊಂಡು ತಂದ. ಗೋಡೆಗೆ ಬಣ್ಣ ಬಳಿದ. ಗಿರಾಕಿಗಳ ಮೈಮೇಲೆ ಹೊದಿಸುವ ಬಿಳಿ ಬಟ್ಟೆಗಳನ್ನು ಸುರೇಖಾ ಮಸ್ಕಿಯಲ್ಲಿ ಕೂತು ಹೊಲಿದು ಕೊಟ್ಟಳು, ಅಂಚಿಗೆ ನೀಲಿ ದಾರ ಹಾಕಿ.

ಅಂಗಡಿಯ ಪೂಜೆಯ ದಿನ ಲಾಲಪ್ಪ ಒಗೆದ ಅಂಗಿ ತೊಟ್ಟು, ಕೋಲು ಹಿಡಿದು, ಮಗನ ಜೊತೆ ಬಂದ. ಬಾಗಿಲಲ್ಲಿ ಊರಿನ ಹಿರಿಯರೆಲ್ಲ ಇದ್ದರು. ನಿಂಗರಾಜ ಓಡಿಬಂದು ಇಬ್ಬರಿಗೂ ರಸ್ತೆಯ ಮೇಲೆಯೇ ಕಾಗದದಲ್ಲಿ ಪೇಡೆ ಕೊಟ್ಟ. "ಇವತ್ತ ಬರೇ ಪೂಜಾ ರೀ ಕಾಕಾ. ಕೆಲಸ ಶುರು ಆಗ್ಲಿ, ಬರೂ ವಾರ ಬರ್ರಿ."

ಬರುವ ವಾರ ಭಾರಿ ಗದ್ದಲ ಎಂದ. ಅದರ ಮುಂದಿನ ವಾರ ಕುರ್ಚಿಯ ಸ್ಕ್ರೂ ಸಡಿಲಾಗಿದೆ ಎಂದ. ಆಮೇಲೆ ಯಾರದೋ ಮದುವೆಯ ಗಡಿಬಿಡಿ. ಸುನೀಲ ಒಂದೊಂದನ್ನೂ ನಂಬಿದ. ಹೊಸ ಅಂಗಡಿ, ಹತ್ತು ತಾಪತ್ರಯ ಇರುತ್ತವೆ ಎಂದು ಅಪ್ಪನಿಗೂ ನಂಬಿಸಿದ. ಸುರೇಖಾ ಮಾತ್ರ ಒಮ್ಮೆ, "ಅವರ ಸ್ಕ್ರೂ ನಿಮ್ಮಪ್ಪಾರು ಬಂದಾಗಷ್ಟ ಸಡಿಲಾಗ್ತದೇನ್ರಿ?" ಎಂದಳು. ಸುನೀಲ ಅವಳ ಮೇಲೆ ರೇಗಿದ.

ಮಗಳ ಮೊದಲ ಹುಟ್ಟುಹಬ್ಬಕ್ಕೆ ಅಪ್ಪ ಅವ್ವ ಮಸ್ಕಿಗೆ ಬಂದಿದ್ದರು. ಬೆಳಗ್ಗೆಯೇ ಬೈಕಿನಲ್ಲಿ ನಿಂಗರಾಜನೂ ಬಂದ, ಚೀಲದಲ್ಲಿ ಅಜ್ಜನ ಕತ್ತಿ ಸಮೇತ. "ಕಾಕಾ, ಕುಂದರ್ರಿ. ಇವತ್ತ ನಾ ಮಾಡ್ತೀನಿ," ಎಂದ. ಬಾಡಿಗೆ ಮನೆಯ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಬಿಸಿ ಟವೆಲ್ ಸುತ್ತಿ, ಕುಂಚದಿಂದ ದುಂಡು ದುಂಡಾಗಿ ನೊರೆ ಏರಿಸಿ, ಒಂದು ಗೀರೂ ಬೀಳದಂತೆ ದಾಡಿ ಮಾಡಿದ. ಸೋತ ಬದಿಯ ಕೆನ್ನೆ ಇಳಿಬಿದ್ದಿತ್ತು. ಅದನ್ನು ಎರಡು ಬೆರಳಲ್ಲಿ ಮೆಲ್ಲಗೆ ಮೇಲೆತ್ತಿ ಹಿಡಿದು ಮಾಡಿದ. ಲಾಲಪ್ಪನ ಕಣ್ಣಲ್ಲಿ ನೀರು ನಿಂತಿತ್ತು.

"ನಿಮ್ಮಪ್ಪ ಇದ್ದಿದ್ರ ಏನಂತಿದ್ನೋ," ಎಂದ.

"ಅಪ್ಪನ ಕಾಲ ಬ್ಯಾರೆ ರೀ ಕಾಕಾ," ಎಂದ ನಿಂಗರಾಜ, ಪಟಿಕ ಸವರುತ್ತ.

ಆ ದಿನ ಸುನೀಲನಿಗೆ ಆದಷ್ಟು ಸಂತೋಷ ಯಾರಿಗೂ ಆಗಿರಲಿಕ್ಕಿಲ್ಲ. ಅವತ್ತು ರೇಗಿದ್ದು ಸರಿಯೆಂಬಂತೆ ಸುರೇಖಾಳ ಮುಂದೆ, "ನೋಡಿದೇನು?" ಎಂದು ಹುಬ್ಬು ಹಾರಿಸಿದ.

ಊರಿಗೆ ವಾಪಸು ಹೋದ ಲಾಲಪ್ಪ ಮರುದಿನ ಬೆಳಗ್ಗೆ ಚಹಾ ಹೋಟೆಲಿನ ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಯಾರೋ, "ಏನ್ ಲಾಲಪ್ಪ, ಮದುಮಗ ಆಗೀಯಲ್ಲ," ಎಂದು ಚೇಷ್ಟೆ ಮಾಡಿದರು. ಲಾಲಪ್ಪ ಕೆನ್ನೆ ಸವರಿಕೊಂಡು, "ನಿಂಗರಾಜ ಮಾಡ್ಯಾನ್ರಿ. ಅವರಜ್ಜನ ಕತ್ತಿಲೆ," ಎಂದ. ಮುಚ್ಚಿಡಬೇಕಾದ ಮಾತು ಇದು ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಟ್ಟೆ ತುಂಬ ಸಂತೋಷವಿದ್ದವನಿಗೆ ಹೇಗೆ ಹೊಳೆಯಬೇಕು?

ಭಾನುವಾರ ಸುನೀಲ ಬಸ್ಸಿಳಿದು ಮನೆಗೆ ಬಂದಾಗ ಅಮರಮ್ಮ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮಪ್ಪನ್ನ ಅಂಗಡಿ ಹಂತ್ಯಾಕ ಕರಕೊಂಡು ಹೋಗ್ಯಾರ. ಏನ್ ಗದ್ಲೋ ಏನೋ. ನೀ ಲಗೂನ ಹೋಗು."

ನಿಂಗರಾಜನ ಅಂಗಡಿಯ ಮುಂದೆ ಜನ ಸೇರಿದ್ದರು. ಊರಿನ ಹಿರಿಯ ಸಂಗನಬಸವಪ್ಪ ಒಳಗಿನ ಕುರ್ಚಿಯನ್ನು ಹೊರಗೆ ತರಿಸಿ ಅದರ ಮೇಲೆ ಕೂತಿದ್ದ. ಲಾಲಪ್ಪ ಬಿಸಿಲಲ್ಲಿ ಕೋಲೂರಿ ನಿಂತಿದ್ದ. ನಿಂಗರಾಜ ಬಾಗಿಲ ಚೌಕಟ್ಟಿಗೆ ಒರಗಿ ಕೈ ಒರೆಸಿಕೊಳ್ಳುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ.

"ನಿಂಗರಾಜ, ಖರೇ ಹೇಳು," ಎಂದ ಸಂಗನಬಸವಪ್ಪ. "ಇವನ ದಾಡಿ ನೀ ಮಾಡೀಯೇನು? ಅದಾ ಕತ್ತಿ ನಮ್ಮ ಮುಖಕ್ಕೂ ತರ್ತೀಯೇನು?"

"ಇಲ್ರೀ ಯಪ್ಪಾ. ನನ್ನ ಕತ್ತಿ ಅವರ ಮುಖ ಮುಟ್ಟಿಲ್ರಿ."

ಲಾಲಪ್ಪ ಒಂದು ಹೆಜ್ಜೆ ಮುಂದಿಟ್ಟ. "ನಿಂಗರಾಜ, ನನ್ನ ಮುಖ ನೋಡಿ ಹೇಳಪ."

ನಿಂಗರಾಜ ನೋಡಲಿಲ್ಲ. ಜನರ ಹಿಂದೆ ನಿಂತಿದ್ದ ಸುನೀಲ ಅವನ ಕಣ್ಣಿಗೆ ಬಿದ್ದ. "ಅವರ ಮಗಗ ಈ ಕೆಲಸ ಬರ್ತೈತ್ರಿ. ಕೇರ್ಯಾಗ ಎಲ್ಲಾರಿಗೂ ಅವನ ಮಾಡ್ತಾನ. ಬೇಕಾದ್ರ ಕೇಳ್ರಿ, ಅಲ್ಲೇ ಬಂದಾನ."

ಎಲ್ಲರೂ ತಿರುಗಿದರು. ಸಂಗನಬಸವಪ್ಪ ಕೇಳಿದ: "ಏನಪ ನೌಕರದಾರ, ಹೌದೇನು? ನೀನ ಮಾಡಿದ್ದೇನು?"

ಸುನೀಲನಿಗೆ ಅಪ್ಪನ ಬೆನ್ನು ಕಾಣುತ್ತಿತ್ತು, ನಿಂಗರಾಜನ ಮುಖ ಕಾಣುತ್ತಿತ್ತು. ಆ ಮುಖದಲ್ಲಿ ಬೇಡಿಕೆಯಿತ್ತು. ಅಂಗಡಿ ಈಗ ತಾನೇ ಕಣ್ಣು ಬಿಟ್ಟಿದೆ, ನಿಂಗರಾಜನ ಹೆಂಡತಿ ತುಂಬಿದ ಬಸುರಿ. ಯೋಚಿಸಲು ಹೊತ್ತು ಸಿಕ್ಕಿದ್ದರೆ ಏನು ಮಾಡುತ್ತಿದ್ದನೋ. ಸಿಗಲಿಲ್ಲ. ಅವನ ತಲೆ ಹೌದೆಂದು ಆಡಿತು.

"ಹಂಗಂದ್ರ ಮುದುಕ ಸುಳ್ಳು ಬೊಗಳ್ಯಾನ," ಎಂದು ಯಾರೋ ನಕ್ಕರು. "ಬಿಡ್ರಿ, ಲಕ್ವಾ ಹೊಡದ ಮ್ಯಾಲ ತಲಿ ನೆಟ್ಟಗಿಲ್ಲ," ಎಂದರು ಇನ್ನೊಬ್ಬರು. ಜನ ಚದುರಿದರು.

ದಾರಿಯಲ್ಲಿ ಮಗ ತೋಳು ಹಿಡಿಯಲು ಬಂದರೆ ಲಾಲಪ್ಪ ಕೋಲನ್ನು ಆ ಕಡೆಗೆ ಬದಲಿಸಿಕೊಂಡ. ಮನೆಗೆ ಬಂದು ನೀರು ಕುಡಿದು ಕೇಳಿದ:

"ನಾ ಸುಳ್ಳು ಹೇಳಿದ್ನೇನು ಸುನೀಲ?"

"ಇಲ್ಲಪ್ಪ."

"ಮತ್ತ ನೀ ತಲಿ ಯಾಕ ಆಡಿಸಿದಿ?"

ಲಾಲಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವತ್ತು ಕಟ್ಟೆಯ ಮೇಲೆ ಕಾಯುತ್ತಿದ್ದ ಮುದುಕರನ್ನು ಅಮರಮ್ಮ, "ಇವತ್ತ ಇಲ್ಲ, ಹೋಗ್ರಿ," ಎಂದು ಕಳಿಸಿದಳು.

ಮಸ್ಕಿಗೆ ಬಂದು ಸುನೀಲ ಹೆಂಡತಿಗೆ ನಡೆದದ್ದನ್ನು ಹೇಳಿದ. ಸುರೇಖಾ ಕೇಳಿಸಿಕೊಂಡು, ಮಗುವನ್ನು ತೊಡೆಯಿಂದ ಇಳಿಸಿ, ಒಂದೇ ಮಾತು ಕೇಳಿದಳು: "ಅವರ ಅಂಗಡಿ ಉಳೀಲಿ ಅಂತ ನಿಮ್ಮಪ್ಪಾರ ಮಾತು ಕಳದ್ರೇನ್ರಿ?" ಸುನೀಲನೂ ಅದನ್ನೇ ತನಗೆ ತಾನೇ ಕೇಳಿಕೊಳ್ಳುತ್ತಿದ್ದ. ಆದರೂ ಒಳಗೆಲ್ಲೋ ಒಂದು ಸಮಾಧಾನವಿತ್ತು: ನಿಂಗರಾಜ ಹೆದರಿ ಸುಳ್ಳು ಹೇಳಿದ, ಹೆದರಿದವನನ್ನು ಸ್ನೇಹಿತ ಕಾಯಬೇಕು, ಅವನೇ ಬಂದು ಅಪ್ಪನ ಕಾಲಿಗೆ ಬಿದ್ದು ಸರಿಮಾಡುತ್ತಾನೆ.

ನಿಂಗರಾಜ ಬಂದ. ಆದರೆ ಊರಿನ ಮನೆಗಲ್ಲ, ಮಸ್ಕಿಗೆ, ಕಚೇರಿ ಬಿಡುವ ಹೊತ್ತಿಗೆ. ಕೈಯಲ್ಲಿ ಜಿಲೇಬಿ ಪೊಟ್ಟಣ. ಇಬ್ಬರೂ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತರು.

"ದೋಸ್ತ, ನೀ ನನ್ನ ಉಳಿಸಿದಿ ಲೇ. ಈ ಜನ್ಮದಾಗ ಮರ್ಯಾಂಗಿಲ್ಲ."

"ಅಪ್ಪಗ ಏನ್ ಹೇಳ್ತಿ?"

"ಕಾಕಾಗ ಏನ್ ಹೇಳೂದು? ಅವರು ಹಿಂಗ ನಾಕು ಮಂದಿ ಮುಂದ ಬಾಯಿ ಬಿಡಬಾರದಿತ್ತು. ನಾ ಅದಕ್ಕ ಅಲ್ಲೇನು ಮಸ್ಕಿ ತನಕ ಬಂದು ಮಾಡಿದ್ದು? ಇಲ್ಲಿ ಯಾರು ನೋಡ್ತಾರ?"

ಸುನೀಲ ಚಹಾ ಕೆಳಗಿಟ್ಟ. "ಅಂದ್ರ ಊರಾಗ ಕುಂದ್ರಸ್ತೀನಿ ಅಂದಿದ್ದು?"

ನಿಂಗರಾಜ ಜಿಲೇಬಿ ಪೊಟ್ಟಣದ ದಾರ ಬಿಚ್ಚುತ್ತಿದ್ದ. "ನೋಡು, ಅಂಗಡಿ ಜಾಗಾ ಸಂಗನಬಸವಪ್ಪಂದು. ಕೊಡೂವಾಗ ಗುಡಿ ಮುಂದ ನಿಂದ್ರಿಸಿ ಆಣಿ ಮಾಡಿಸ್ಕೊಂಡಾರ, ಕೇರಿ ಗಿರಾಕಿ ಒಳಗ ಕರಿಯಾಂಗಿಲ್ಲ ಅಂತ. ನಾ ಹೂಂ ಅಂದೆ. ಏನ್ ಮಾಡ್ಲಿ? ನಿನಗ ಹೇಳಿದ್ರ ನೀ ಬ್ಯಾಸರ ಮಾಡ್ಕೋತಿ ಅಂತ ಹೇಳಲಿಲ್ಲ."

ಅಂದರೆ ಕನ್ನಡಿ ಹೊತ್ತು ತಂದಾಗಲೇ ಆಣೆ ಆಗಿತ್ತು. ಬಣ್ಣ ಬಳಿದಾಗ, ಸುರೇಖಾ ನೀಲಿ ದಾರ ಹಾಕಿದಾಗ, ಪೇಡೆ ತಿಂದಾಗ, ಎಲ್ಲ ಆಗಿಹೋಗಿತ್ತು. ಸುನೀಲನ ಮುಖ ನೋಡಿ ನಿಂಗರಾಜ ಸಮಾಧಾನ ಮಾಡುವವನಂತೆ ಮುಂದಕ್ಕೆ ಬಾಗಿದ.

"ಲೇ, ನಾ ನಿಮ್ಮನ್ನ ಹಂಗ ಬಿಟ್ಟಿಲ್ಲಲ್ಲ. ಅದಕ್ಕ ಅಲ್ಲೇನು ನಿನಗ ಕಲಿಸಿದ್ದು? ನಾ ಒಂದಿನ ಊರಿಗೆ ಬರಾಂವ, ಅಪ್ಪನ ಜಾಗಾದಾಗ ಕುಂದ್ರಾಂವ ಅಂತ ನನಗ ಅವಾಗಿಂದಾ ಗೊತ್ತಿತ್ತು. ನೀ ಕಲತ್ರ ನಿಮ್ಮ ಕೇರಿಗೆ ನೀನ ಆಗ್ತಿ, ನಿಮ್ಮಪ್ಪ ನನ್ನ ಬಾಗಲಿಗೆ ಬರೂ ಪ್ರಸಂಗ ಬರಾಂಗಿಲ್ಲ, ನಮ್ಮ ದೋಸ್ತಿನೂ ಕೆಡಾಂಗಿಲ್ಲ. ಛಲೋ ವಿಚಾರ ಮಾಡೇ ಕಲಿಸೀನಿ."

ಇದನ್ನು ಹೇಳುವಾಗ ನಿಂಗರಾಜನ ಮುಖದಲ್ಲಿ ಕಪಟವಿರಲಿಲ್ಲ. ಉಪಕಾರ ಮಾಡಿದವನ ಮುಖವೇ ಇತ್ತು. ಸುನೀಲನಿಗೆ ತಡೆಯಲಾಗದೇ ಹೋದದ್ದು ಅದು. ಹೆದರಿ ಆಡಿದ ಸುಳ್ಳನ್ನು ಅವನು ನುಂಗಬಲ್ಲವನಾಗಿದ್ದ. ಆದರೆ ಲಿಂಗಸುಗೂರಿನ ಆ ಖೋಲಿ, ಗೋಡೆಗೆ ಒರಗಿಸಿದ ಆ ತಲೆ, ಎತ್ತಿ ಕೊಟ್ಟ ಆ ಕುತ್ತಿಗೆ, ಅದೆಲ್ಲ ತನ್ನನ್ನು ದೂರವಿಡಲು ಮಾಡಿದ ಏರ್ಪಾಡಾಗಿತ್ತು ಎಂಬುದನ್ನು ನುಂಗುವುದು ಹೇಗೆ? ಇಷ್ಟು ವರ್ಷ ಕೇರಿಯ ಕಟ್ಟೆಯ ಮೇಲೆ ತಾನು ಹೆಮ್ಮೆಯಿಂದ ಮಾಡಿದ ಕೆಲಸ, ನಿಂಗರಾಜ ಮಾಡಲೊಲ್ಲದ ಕೆಲಸವಾಗಿತ್ತು.

"ಜಿಲೇಬಿ ತಿನ್ನು," ಎಂದ ನಿಂಗರಾಜ.

ಸುನೀಲ ಎದ್ದು ಹೊರಗೆ ಬಂದ. ಹಿಂದಿನಿಂದ ಎರಡು ಸಲ ಕರೆದದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಮುಂದಿನ ಭಾನುವಾರ ಅವನು ಅದೇ ಅಂಗಡಿಯ ಮುಂದೆ, ಸಂಗನಬಸವಪ್ಪನೂ ಇತರರೂ ಇದ್ದಾಗಲೇ ಹೋಗಿ ನಿಂತು ಹೇಳಿದ: "ಅವತ್ತ ಸುಳ್ಳು ಹೇಳಿದಾಂವ ನಾನು. ನಮ್ಮಪ್ಪ ಹೇಳಿದ್ದು ಖರೇ. ನಿಂಗರಾಜನೇ ದಾಡಿ ಮಾಡ್ಯಾನ, ನನ್ನ ಕಣ್ಣ ಮುಂದ." ನಿಂಗರಾಜ ಗಿರಾಕಿಯ ಕೆನ್ನೆಯ ಮೇಲಿನ ಕತ್ತಿ ಎತ್ತದೆಯೇ, "ಇವಗ ಹೊಟ್ಟಿಕಿಚ್ಚು ರೀ. ನನ್ನ ಅಂಗಡಿ ನಡೀಬಾರದಂತ ಹಿಂಗ ಮಾಡಾಕತ್ತಾನ," ಎಂದ. ಅವತ್ತು ಹೆದರಿಕೆಯಿಂದ ಬಂದಿದ್ದ ಸುಳ್ಳು ಈಗ ಸಲೀಸಾಗಿ ಬಂತು. ಜನ ಅವನನ್ನೇ ನಂಬಿದರು. ನಂಬಿದರೆ ಎಲ್ಲರಿಗೂ ಅನುಕೂಲವಿತ್ತು.

ಕೇರಿಯವರನ್ನು ಅಂಗಡಿಯೊಳಗೆ ಬಿಡುವುದಿಲ್ಲವೆಂದು ಸುನೀಲ ಪೊಲೀಸರಿಗೆ ದೂರು ಕೊಟ್ಟ. ಕೊಡು ಎಂದವಳು ಸುರೇಖಾ, ಜೊತೆಗೆ ಬಂದವಳೂ ಅವಳೇ. ಕೆಲವು ದಿನಗಳಲ್ಲಿ ಅಧಿಕಾರಿಗಳು, ಪೊಲೀಸರು ಊರಿಗೆ ಬಂದು ಸಭೆ ಸೇರಿಸಿದರು. ಕ್ಷೌರದಂಗಡಿಗೆ ಯಾರು ಬಂದರೂ ಒಳಗೆ ಕರೆಯಬೇಕು, ಇಲ್ಲದಿದ್ದರೆ ಕೇಸು ಎಂದರು. ಅಧಿಕಾರಿಯೊಬ್ಬರು ಲಾಲಪ್ಪನ ಬಳಿ ಬಂದು, "ಬನ್ನಿ ಅಜ್ಜಾರೆ, ಕುರ್ಚಿಯಲ್ಲಿ ಕೂತುಕೊಳ್ಳಿ. ನಮ್ಮ ಮುಂದೆಯೇ ಮಾಡಲಿ," ಎಂದರು.

ಆ ಹೊತ್ತಿಗೆ ಲಾಲಪ್ಪನಿಗೆ ಬಿಳಿ ಗಡ್ಡ ದಟ್ಟವಾಗಿ ಬೆಳೆದಿತ್ತು. ಅವನು ಕುರ್ಚಿಯನ್ನು ನೋಡಿದ. ಅದರ ಮೇಲೆ ನೀಲಿ ಅಂಚಿನ ಬಿಳಿ ಬಟ್ಟೆ ಮಡಚಿಟ್ಟಿತ್ತು.

"ಕುರ್ಚಿ ಬ್ಯಾಡ್ರಿ ಸಾಹೇಬ್ರ," ಎಂದ. "ಪೊಲೀಸರು ನಿಂತು ಮಾಡಿಸೂ ದಾಡಿ ನನಗ್ಯಾಕ? ನಾ ಸುಳ್ಳುಗಾರ ಅಲ್ಲ ಅಂತ ಅವ ಈ ಮಂದಿ ಮುಂದ ಹೇಳ್ಲಿ. ಅಷ್ಟ ಸಾಕು."

ನಿಂಗರಾಜ ನೆಲ ನೋಡುತ್ತ ನಿಂತಿದ್ದ. ಪಿಎಸ್‌ಐ ಗದರಿಸಿದ ಮೇಲೆ ಬಾಯಿ ಬಿಟ್ಟ: "ಹೌದ್ರಿ. ಮಸ್ಕ್ಯಾಗ ನಾನ ಮಾಡಿದ್ದೆ. ಕಾಕಾ ಹೇಳಿದ್ದು ಖರೇ."

ಲಾಲಪ್ಪ ಸಂಗನಬಸವಪ್ಪನ ಕಡೆಗೊಮ್ಮೆ ನೋಡಿ, ಕೋಲೂರಿಕೊಂಡು ಮನೆಗೆ ಹೊರಟ. ಅಲ್ಲಿಗೆ ಆ ಮಾತು ಮುಗಿಯಿತು. ಅಂಗಡಿಯೂ ಬಹಳ ದಿನ ಉಳಿಯಲಿಲ್ಲ. ಕೇಸಿನ ಭಯಕ್ಕೆ ಬಾಗಿಲು ತೆರೆದಿಟ್ಟರೆ ಊರಿನವರು ಬರಲಿಲ್ಲ, ಕೇರಿಯವರೂ ಹೋಗಲಿಲ್ಲ. ಸಂಗನಬಸವಪ್ಪ ಜಾಗ ಬಿಡಿಸಿಕೊಂಡ. ಬಾಣಂತಿ ಹೆಂಡತಿಯನ್ನು ಕರೆದುಕೊಂಡು ನಿಂಗರಾಜ ಮತ್ತೆ ಲಿಂಗಸುಗೂರಿಗೆ ಹೋದ ಎಂದು ಅಮರಮ್ಮ ಫೋನಿನಲ್ಲಿ ಹೇಳಿದಳು. ಸುನೀಲನಿಗೆ ಗೆದ್ದಂತೆ ಅನಿಸಲಿಲ್ಲ. ಕಚೇರಿ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಬೇಕಾದಾಗ ಬಸ್ ಸ್ಟ್ಯಾಂಡಿನ ಹಿಂದಿನ ಓಣಿ ಬಿಟ್ಟು ಸುತ್ತಿ ಹೋಗುತ್ತಿದ್ದ.

ಅಪ್ಪನ ಗಡ್ಡ ಮಾತ್ರ ಹಾಗೆಯೇ ಇತ್ತು. ಸುನೀಲ ಊರಿಗೆ ಹೋದಾಗ ಬಿಸಿನೀರು ಕಾಯಿಸಿ ಇಟ್ಟರೆ ಲಾಲಪ್ಪ, "ಇರಲಿ ಬಿಡು," ಎನ್ನುತ್ತಿದ್ದ. ಒಂದು ದಿನ ಬೆಳಗ್ಗೆ ತಾನಾಗಿ ಅಂಗಿ ತೊಟ್ಟು, "ನಡಿ, ಸಿಂಧನೂರಿಗೆ ಹೋಗೂಣು," ಎಂದ.

ಸಿಂಧನೂರಿನ ಮಾರ್ಕೆಟ್ಟಿನ ಬಳಿ ಲಾಲಪ್ಪ ಮೂರ್ನಾಲ್ಕು ಅಂಗಡಿ ದಾಟಿ, ತನಗೆ ಹಿಡಿಸಿದ ಒಂದರೊಳಗೆ ಹೊಕ್ಕು ಕುರ್ಚಿಯಲ್ಲಿ ಕೂತ. ಅಂಗಡಿಯವನ ಹೆಸರು ಶಾವಲಿ, ಮಾತುಗಾರ. ಟವೆಲ್ ಹಿಂಡುತ್ತ, "ಭಾಳ ದಿನ ಬಿಟ್ಟೀರಲ್ರಿ ಚಾಚಾ, ಏನ್ ಹರಕಿ ಹೊತ್ತಿದ್ರೇನು?" ಎಂದ. ಗೋಡೆಯ ಬದಿಯ ಬೆಂಚಿನ ಮೇಲೆ ಕೂತಿದ್ದ ಸುನೀಲನನ್ನು ಕನ್ನಡಿಯಲ್ಲಿ ನೋಡಿ, "ಇವರು ಮಗ ಏನ್ರಿ?" ಎಂದ.

"ಹೌದು, ನನ್ನ ಮಗ. ಮಸ್ಕ್ಯಾಗ ನೌಕರಿ," ಎಂದ ಲಾಲಪ್ಪ. "ಅವಗೂ ಈ ಕೆಲಸ ಬರ್ತೈತಿ. ಕತ್ತಿಲೆ ಮಾಡ್ತಾನ, ಒಂದು ಗೀರು ಬೀಳಾಂಗಿಲ್ಲ."

"ಹೌದಾ? ಮತ್ತ ಮನ್ಯಾಗ ಇಂಥಾ ಕಾರೀಗರ ಇದ್ದು ಇಲ್ಲೀ ತನಕ ಯಾಕ ಬಂದ್ರಿ?"

ಕನ್ನಡಿಯೊಳಗೆ ಲಾಲಪ್ಪನ ಕಣ್ಣುಗಳು ಮಗನ ಕಣ್ಣನ್ನು ಹುಡುಕಿ ಒಂದು ಗಳಿಗೆ ಅಲ್ಲೇ ನಿಂತವು. ಸಿಟ್ಟಿರಲಿಲ್ಲ ಅವುಗಳಲ್ಲಿ. ಆಮೇಲೆ ಅವನು ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡ.

"ನೀ ಮಾಡಪ," ಎಂದ ಶಾವಲಿಗೆ.

ಶಾವಲಿ ನೊರೆ ಏರಿಸತೊಡಗಿದ. ಸುನೀಲ ಬೆಂಚಿನ ಮೇಲೆ ಬಿದ್ದಿದ್ದ ಪೇಪರು ಎತ್ತಿಕೊಂಡ. ಒಂದಕ್ಷರವೂ ತಲೆಗೆ ಹೋಗಲಿಲ್ಲ. ಪೇಪರು ಇಟ್ಟು, ಎದ್ದು ಹೊರಗೆ ಬಂದು, ಗಾಡಿಗಳ ಗದ್ದಲದಲ್ಲಿ ನಿಂತ.